ಗಿಟಾರ್ ಗೊತ್ತು, ಹಾಡೂ ಬರುತ್ತದೆ. ಹಾರ್ಮೋನಿಕಾ ಯಾಕೆ ಮಾತು ಕೇಳುತ್ತಿಲ್ಲ?

ಪ್ರಶ್ನೆ: ನನಗೆ 38 ವರ್ಷ, ಊರು ಮೈಸೂರು. 12 ವರ್ಷದಿಂದ ಗಿಟಾರ್ ನುಡಿಸುತ್ತಾ ಹಾಡುತ್ತೇನೆ. ಚಿಕ್ಕವನಿದ್ದಾಗ ನಾಲ್ಕು ವರ್ಷ ಕರ್ನಾಟಕ ಸಂಗೀತದ ಪಾಠವೂ ಆಗಿತ್ತು. ಹಳೆಯ ಚಿಕಾಗೋ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ ಶೈಲಿ) ಕೇಳಿ ಹುಚ್ಚು ಹಿಡಿದು, ಮೂರು ತಿಂಗಳ ಹಿಂದೆ ಸಿ ಕೀಯ, ಅಂದರೆ ಸಿ ಸ್ವರವೇ ಷಡ್ಜವಾದ, 10 ತೂತಿನ ಹಾರ್ಮೋನಿಕಾ ತಗೊಂಡೆ. ಇ ಕೀಯಲ್ಲಿ ಗಿಟಾರ್ ರೆಕಾರ್ಡ್ ಮಾಡಿಕೊಂಡು ಅದರ ಮೇಲೆ ಊದಿದರೆ ಏನೂ ಸೇರುವುದಿಲ್ಲ. ಸಿ ಕೀಯಲ್ಲಾದರೆ ಸೇರುತ್ತದೆ, ಆದರೆ ಶಾಲೆಯ ಪ್ರಾರ್ಥನೆ ಥರ ಕೇಳಿಸುತ್ತದೆ, ಬ್ಲೂಸ್ ಅನ್ನಿಸುವುದೇ ಇಲ್ಲ. 2ನೇ ತೂತಿನಲ್ಲಿ ಉಸಿರು ಎಳೆದರೆ ಕತ್ತು ಹಿಸುಕಿದ ಹಾಗೆ ಶಬ್ದ ಬರುತ್ತದೆ. ರೀಡ್ (ಒಳಗೆ ಅದುರಿ ಸ್ವರ ಹುಟ್ಟಿಸುವ ಲೋಹದ ಪಟ್ಟಿ) ಹಾಳಾಗಿದೆಯಾ? ನೀರಿನಲ್ಲಿ ನೆನೆಸಿದರೆ ಬೆಂಡ್ (ಸ್ವರವನ್ನು ಕೆಳಗೆ ಬಾಗಿಸುವುದು) ಸುಲಭ ಅಂತ ಒಬ್ಬರು ಹೇಳಿದರು. 12 ಕೀಗೆ 12 ಹಾರ್ಮೋನಿಕಾ ಬೇಕು ಅಂತ ಇನ್ನೊಬ್ಬರು. ಹತ್ತು ನಿಮಿಷ ನುಡಿಸಿದರೆ ತಲೆ ಸುತ್ತುತ್ತದೆ. ಹೋಲ್ಡರ್ ಕುತ್ತಿಗೆಗೆ ಹಾಕಿಕೊಂಡು ಗಿಟಾರ್, ಹಾಡು, ಹಾರ್ಮೋನಿಕಾ ಮೂರನ್ನೂ ಒಟ್ಟಿಗೆ ಮಾಡುವ ಆಸೆ ನನ್ನದು. ಈ ವಯಸ್ಸಿಗೆ ಆಗುತ್ತದಾ? ಗಂಟಲಿಗೆ ತೊಂದರೆ ಇಲ್ಲವಾ?

ಉತ್ತರ: ಆಗುತ್ತದೆ. ವಯಸ್ಸಿನ ಚಿಂತೆ ಮೊದಲು ಬಿಡಿ. ನನ್ನ ಹತ್ತಿರ ಕಲಿಯಲು ಬಂದ ಗಿಟಾರ್‌ನವರೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ತಂದಿದ್ದಾರೆ. ಅವರಿಗೆಲ್ಲ ಅಡ್ಡಿಯಾಗಿದ್ದು ಒಂದೇ ವಿಷಯ. ಅವರು ಇದನ್ನು ಪುಟ್ಟ ಗಿಟಾರ್ ಅಂದುಕೊಂಡು ಹಿಡಿಯುತ್ತಾರೆ. ಯಾವ ಸ್ವರ ಎಲ್ಲಿದೆ ಅಂತ ಕಣ್ಣಿನಿಂದ ಹುಡುಕುತ್ತಾರೆ, ಸಿಗದಿದ್ದರೆ ಬಲ ಹಾಕುತ್ತಾರೆ. ಹಾರ್ಮೋನಿಕಾದಲ್ಲಿ ನೋಡಲು ಏನೂ ಇಲ್ಲ. ಸ್ವರ ಹುಟ್ಟುವ ಕೆಲಸ ಬಾಯಿಯೊಳಗೆ, ನಾಲಿಗೆಯ ಹಿಂದೆ ನಡೆಯುತ್ತದೆ. ಇದನ್ನು ಕಲಿಯಬೇಕಾದವರು ನಿಮ್ಮೊಳಗಿನ ಹಾಡುಗಾರ. ಗಿಟಾರ್‌ನವರು ಪಕ್ಕದಲ್ಲಿ ಕೂತು ಶ್ರುತಿ ತೋರಿಸಲಿ, ಸಾಕು.

ಮೊದಲು ಕೀ ವಿಷಯ. ನಿಮ್ಮ ಬೇಸರದಲ್ಲಿ ಅರ್ಧ ಪಾಲು ಇದರಿಂದಲೇ ಬಂದಿದೆ.

ನಿಮ್ಮ ಕೈಯಲ್ಲಿರುವುದು ಜರ್ಮನಿಯಲ್ಲಿ ಜನಪದ ಹಾಡು, ಕುಣಿತದ ಮಟ್ಟುಗಳಿಗಾಗಿ ರೂಪುಗೊಂಡ ವಾದ್ಯ. ಟ್ರೋಸಿಂಗನ್ ಊರಿನ ಹೋನರ್ ಕಂಪನಿಯ ಮರೀನ್ ಬ್ಯಾಂಡ್ ಮಾದರಿ 1896ರದು. ಅಗ್ಗವಾಗಿತ್ತು, ಜೇಬಿನಲ್ಲಿ ಹಿಡಿಸುತ್ತಿತ್ತು. ಅಮೆರಿಕದ ದಕ್ಷಿಣದ ರಾಜ್ಯಗಳ ಕಪ್ಪು ಜನರ ಕೈಗೆ ಅದು ಬಂದಾಗ ತಯಾರಿಸಿದವರು ಯೋಚಿಸಿರದ ಒಂದು ಕೆಲಸ ಆಯಿತು. ಊದುವ ಬದಲು ಉಸಿರು ಒಳಗೆ ಎಳೆಯುವುದನ್ನೇ ಅವರು ಮುಖ್ಯ ಮಾಡಿಕೊಂಡರು. ಸಿ ಹಾರ್ಪ್‌ನಲ್ಲಿ (ಬ್ಲೂಸ್‌ನವರು ಹಾರ್ಮೋನಿಕಾಗೆ ಹಾರ್ಪ್ ಅನ್ನುತ್ತಾರೆ) 1ರಿಂದ 4ರವರೆಗಿನ ತೂತುಗಳನ್ನು ಒಟ್ಟಿಗೆ ಎಳೆದು ನೋಡಿ. ಬರುವುದು ಡಿ, ಜಿ, ಬಿ, ಡಿ. ಗಿಟಾರ್‌ನವರಿಗೆ ಗೊತ್ತಾಗುತ್ತದೆ, ಅದು ಜಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು). 5ನೇ ತೂತನ್ನೂ ಸೇರಿಸಿ ಎಳೆದರೆ ಎಫ್ ಬರುತ್ತದೆ, ಅಂದರೆ ಜಿ 7. ಬ್ಲೂಸ್‌ನ ಮೂಲ ಕಾರ್ಡ್ ಅದೇ ಅಲ್ವಾ? ಅದೇ ನಾಲ್ಕು ತೂತು ಊದಿದರೆ ಸಿ ಕಾರ್ಡ್, ಅಂದರೆ ಜಿ ಬ್ಲೂಸ್‌ನಲ್ಲಿ ಜಿಯಿಂದ ನಾಲ್ಕನೇ ಸ್ವರದ ಕಾರ್ಡ್. ಐದನೆಯದಾದ ಡಿಗೆ ಪೂರ್ತಿ ಕಾರ್ಡ್ ಇಲ್ಲ. 1 ಅಥವಾ 4ನ್ನು ಎಳೆದು ಒಂಟಿ ಸ್ವರ ಹಿಡಿದರೆ ಆಯಿತು.

ಹೀಗೆ ಸಿ ಹಾರ್ಪ್ ಹಿಡಿದು ಜಿಯಲ್ಲಿ ನುಡಿಸುವುದಕ್ಕೆ ಕ್ರಾಸ್ ಹಾರ್ಪ್ ಅಥವಾ ಸೆಕೆಂಡ್ ಪೊಸಿಶನ್ ಎಂದು ಹೆಸರು. ನೀವು ಸಿ ಹಾರ್ಪ್ ಮೇಲೆ ಸಿಯಲ್ಲೇ ನುಡಿಸಿದಿರಿ. ಅದು ಫಸ್ಟ್ ಪೊಸಿಶನ್. ಪ್ರಾರ್ಥನೆ ಥರ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪಾಠ ಆಗಿದೆ ಅಂದಿರಲ್ಲ, ನಿಮಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಇದು ಗ್ರಹಭೇದ, ಅಂದರೆ ಸ್ವರಗಳು ಅವೇ, ಷಡ್ಜ ಮಾತ್ರ ಬೇರೆ. ಸಿ ಹಾರ್ಪ್‌ನ ಸ್ವರಗಳು ಶಂಕರಾಭರಣ ರಾಗದವು. ಅದರ ಪಂಚಮವನ್ನೇ ಷಡ್ಜ ಮಾಡಿಕೊಂಡರೆ ಹರಿಕಾಂಭೋಜಿಯ ಸ್ವರಗಳು, ಕೈಶಿಕಿ ನಿಷಾದ (ಕೆಳಗಿನ ನಿಷಾದ) ತಾನಾಗಿಯೇ ಬಂತು. ಅದೇ ಸೆಕೆಂಡ್ ಪೊಸಿಶನ್. ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಅದು ಥರ್ಡ್ ಪೊಸಿಶನ್. ಬ್ಲೂಸ್ ಹಾಡುವವರ ಗಾಂಧಾರ ಮಾತ್ರ ಈ ಯಾವುದರಲ್ಲೂ ಸಿಗುವುದಿಲ್ಲ. ಅದು ಕೆಳಗಿನ ಸಾಧಾರಣ ಗಾಂಧಾರಕ್ಕೂ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಜಾರುತ್ತಾ ಇರುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಇದು ಹೊಸದಲ್ಲ. ನಿಮಗೆ ಸಿಕ್ಕಿರುವ ದೊಡ್ಡ ಅನುಕೂಲ ಇದು, ಗಿಟಾರ್‌ಗಿಂತಲೂ ದೊಡ್ಡದು.

ಇನ್ನು ಯಾವ ಹಾಡಿಗೆ ಯಾವ ಹಾರ್ಪ್? ಗಿಟಾರ್‌ನಲ್ಲೇ ಉತ್ತರ ಇದೆ. ದಪ್ಪನೆಯ 6ನೇ ತಂತಿಯ ಮೇಲೆ ಹಾಡಿನ ಕೀ ಹುಡುಕಿ. ಅದೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಪಕ್ಕದ 5ನೇ ತಂತಿಯ ಸ್ವರ ಯಾವುದೋ, ಆ ಕೀಯ ಹಾರ್ಪ್ ಬೇಕು. ಜಿ ಇರುವುದು 3ನೇ ಫ್ರೆಟ್‌ನಲ್ಲಿ. ಪಕ್ಕದ ತಂತಿಯಲ್ಲಿ ಅಲ್ಲಿ ಸಿ. ತಂತಿ ಬಿಟ್ಟು ನುಡಿಸಿದರೆ ಇ, ಪಕ್ಕದ್ದು ಎ. ಅಂದರೆ ನಿಮ್ಮ ಇ ಬ್ಲೂಸ್‌ಗೆ ಎ ಹಾರ್ಪ್. ಚಿಕಾಗೋದ ಹಾರ್ಪ್ ವಾದಕ ಲಿಟಲ್ ವಾಲ್ಟರ್ 1952ರಲ್ಲಿ ರೆಕಾರ್ಡ್ ಮಾಡಿದ 'ಜೂಕ್' ಇಯಲ್ಲಿದೆ. ಅವರು ಹಿಡಿದಿದ್ದು ಎ ಹಾರ್ಪ್.

ಹಾಗಂತ ಇವತ್ತೇ ಅಂಗಡಿಗೆ ಓಡಬೇಡಿ. ಕೇಪೋ (ತಂತಿಗಳನ್ನೆಲ್ಲ ಒಂದು ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಇದೆಯಲ್ಲ? 3ನೇ ಫ್ರೆಟ್‌ಗೆ ಹಾಕಿ, ನಿಮಗೆ ಅಭ್ಯಾಸವಿರುವ ಇ ಕೀಯ ಕಾರ್ಡ್ ಆಕಾರಗಳನ್ನೇ ನುಡಿಸಿ. ಬರುವ ಧ್ವನಿ ಜಿ. ನಿಮ್ಮ ಸಿ ಹಾರ್ಪ್ ಅದಕ್ಕೆ ಸರಿಯಾಗಿ ಕೂರುತ್ತದೆ. ಆರು ತಿಂಗಳು ಇದೊಂದೇ ಸಾಕು. ಆಮೇಲೆ ಎ ತಗೊಳ್ಳಿ, ನಂತರ ಡಿ. ಗಿಟಾರ್ ಜೊತೆ ಬ್ಲೂಸ್ ಹಾಡುವವರಿಗೆ ಇ, ಜಿ, ಎ ಈ ಮೂರು ಕೀಯಲ್ಲಿ ಬಹಳಷ್ಟು ಕೆಲಸ ಮುಗಿಯುತ್ತದೆ. 12 ಹಾರ್ಪ್ ಬೇಕು ಅನ್ನುವುದು ಬೇರೆ ಬೇರೆ ಗಾಯಕರ ಹಿಂದೆ ನುಡಿಸುವವರಿಗೆ ಸರಿ, ತನ್ನ ಹಾಡು ತಾನೇ ಹಾಡುವವರಿಗೆ ಅಲ್ಲ. ಎಫ್ ಕೀಯದನ್ನು ಸದ್ಯಕ್ಕೆ ಮುಟ್ಟಬೇಡಿ. ಸ್ವರ ತುಂಬಾ ಮೇಲಿರುತ್ತದೆ, ಹೊಸಬರಿಗೆ ಅದರಲ್ಲಿ ಬೆಂಡ್ ಹಿಡಿತಕ್ಕೆ ಸಿಗುವುದಿಲ್ಲ.

ಈಗ 2ನೇ ತೂತು. ಸೆಕೆಂಡ್ ಪೊಸಿಶನ್‌ನಲ್ಲಿ ನಿಮ್ಮ ಷಡ್ಜ ಇರುವುದೇ ಅಲ್ಲಿ, 2ರ ಎಳೆತದಲ್ಲಿ. ಅದಕ್ಕೇ ಅದು ಇಷ್ಟು ಕಾಡುತ್ತಿದೆ. ರೀಡ್ ಹಾಳಾಗಿರುವ ಸಾಧ್ಯತೆ ತೀರಾ ಕಡಿಮೆ. ಪರೀಕ್ಷೆ ಹೀಗೆ ಮಾಡಿ. ಬಾಯಿ ಅಗಲ ಮಾಡಿ 1, 2, 3ನ್ನು ಒಟ್ಟಿಗೆ, ನಿದ್ದೆಯಲ್ಲಿ ಉಸಿರಾಡುವಷ್ಟು ಮೆಲ್ಲಗೆ ಎಳೆಯಿರಿ. ಮೂರೂ ಸ್ವರ ಕೇಳಿಸಿದರೆ ರೀಡ್ ಚೆನ್ನಾಗಿದೆ. ಈಗ ಎಳೆಯುತ್ತಲೇ ತುಟಿಯನ್ನು ನಿಧಾನವಾಗಿ ಕಿರಿದು ಮಾಡುತ್ತಾ 2ಕ್ಕೆ ಬನ್ನಿ. ಎಲ್ಲಿ ಉಸಿರುಗಟ್ಟಿತೋ ಅಲ್ಲೇ ನಿಲ್ಲಿಸಿ, ನಿಮ್ಮ ನಾಲಿಗೆ ಏನು ಮಾಡಿತು ಗಮನಿಸಿ. ಹಿಂದಕ್ಕೆ ಸರಿದು ಗಟ್ಟಿಯಾಗಿರುತ್ತದೆ. ಅಂದರೆ ಗೊತ್ತಿಲ್ಲದೆ ಅರ್ಧ ಬೆಂಡ್ ಮಾಡುತ್ತಿದ್ದೀರಿ, ಜೊತೆಗೆ ಜಾಸ್ತಿ ಬಲ. ಆಕಳಿಕೆ ಬಂದಾಗ ಗಂಟಲು ಹೇಗೆ ತೆರೆದುಕೊಳ್ಳುತ್ತದೋ ಹಾಗೆ ಬಿಡಿ. ದವಡೆ ಇಳಿಯಲಿ. ವಾದ್ಯವನ್ನು ತುಟಿಯ ತುದಿಯಲ್ಲಿ ಪೀಪಿ ಹಿಡಿದ ಹಾಗೆ ಹಿಡಿಯಬೇಡಿ, ಜೋಳದ ತೆನೆ ಕಚ್ಚುವಾಗ ಬಾಯಿಗೆ ಹೋಗುವಷ್ಟು ಒಳಗೆ ಹೋಗಲಿ. ತುಟಿಯ ಒಳಗಿನ ಒದ್ದೆ ಭಾಗ ತಾಗಬೇಕು. ಇನ್ನೊಂದು ಪರೀಕ್ಷೆ: ಮೂಗನ್ನು ಬೆರಳಿನಿಂದ ಮುಚ್ಚಿಕೊಂಡು ನುಡಿಸಿ. ಸ್ವರ ಒಮ್ಮೆಲೇ ಗಟ್ಟಿಯಾದರೆ, ಇಷ್ಟು ದಿನ ಅರ್ಧ ಉಸಿರು ಮೂಗಿನಲ್ಲಿ ಸೋರುತ್ತಿತ್ತು ಅಂತ ಅರ್ಥ.

ರೀಡ್ ನಿಜಕ್ಕೂ ಕೆಟ್ಟರೆ ಲಕ್ಷಣ ಬೇರೆ. ನಿನ್ನೆವರೆಗೂ ಸರಿಯಿದ್ದ ಸ್ವರ ಇವತ್ತು ಇದ್ದಕ್ಕಿದ್ದಂತೆ ಶ್ರುತಿ ಇಳಿದಿರುತ್ತದೆ. ಬಲವಾಗಿ ಎಳೆದೂ ಎಳೆದೂ ಲೋಹ ದಣಿದು ಸಣ್ಣ ಬಿರುಕು ಬಿಟ್ಟಿರುತ್ತದೆ. ಕಲಿಯುವ ದಿನಗಳಲ್ಲಿ ನಾನೂ ಹೀಗೆ ಎರಡು ಹಾರ್ಪ್ ಕಳೆದುಕೊಂಡಿದ್ದೇನೆ, ಎರಡರಲ್ಲೂ 4ರ ಎಳೆತ.

ನೀರಿನಲ್ಲಿ ನೆನೆಸುವ ಮಾತು ಪೂರ್ತಿ ಕಟ್ಟುಕಥೆಯಲ್ಲ, ಆದರೆ ಬೆಂಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಹಳೆಯ ಹಾರ್ಪ್‌ಗಳ ನಡುವಿನ ಚೌಕಟ್ಟು ಮರದ್ದು. ನೆನೆಸಿದರೆ ಮರ ಉಬ್ಬಿ ಗಾಳಿ ಸೋರುವುದು ನಿಲ್ಲುತ್ತಿತ್ತು, ಧ್ವನಿ ಜೋರಾಗುತ್ತಿತ್ತು. ಒಣಗಿದಾಗ ಅದೇ ಮರ ಸೊಟ್ಟಗಾಗಿ, ಸೀಳಿ, ಅಂಚು ಹೊರಗೆ ಚಾಚಿ ತುಟಿ ಕೊಯ್ಯುತ್ತಿತ್ತು. ನಿಮ್ಮದು ಪ್ಲಾಸ್ಟಿಕ್ ಚೌಕಟ್ಟಿನದಾದರೆ ನೆನೆಸುವುದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಮರದ್ದಾದರೆ ಹಾಳು ಮಾಡಿಕೊಳ್ಳುತ್ತೀರಿ.

ಹಾಗಾದರೆ ಬೆಂಡ್ ಆಗುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ.

ಪ್ರತಿ ತೂತಿನ ಹಿಂದೆ ಎರಡು ರೀಡ್ ಇವೆ, ಒಂದು ಊದಲು, ಒಂದು ಎಳೆಯಲು. ಒಟ್ಟು 20. 1ರಿಂದ 6ರವರೆಗೆ ಎಳೆಯುವ ರೀಡ್‌ನ ಸ್ವರ ಮೇಲಿದೆ, ಊದುವ ರೀಡ್‌ನದು ಕೆಳಗಿದೆ. ಎಳೆಯುತ್ತಾ ಬಾಯಿಯೊಳಗಿನ ಜಾಗ ದೊಡ್ಡದು ಮಾಡಿದರೆ, ಮೇಲಿನ ಸ್ವರ ಕೆಳಗೆ ಜಾರುತ್ತದೆ, ಸುಮ್ಮನಿದ್ದ ಕೆಳಗಿನ ರೀಡ್ ಕೂಡ ಅದರ ಜೊತೆ ಅಲುಗಲು ಶುರು ಮಾಡುತ್ತದೆ. ಆ ಎರಡು ಸ್ವರಗಳ ನಡುವೆ ಎಷ್ಟು ಜಾಗ ಇದೆಯೋ ಅಷ್ಟೇ ಬೆಂಡ್. 3ನೇ ತೂತಿನಲ್ಲಿ ಊದಿದರೆ ಜಿ, ಎಳೆದರೆ ಬಿ. ನಡುವೆ ಮೂರು ಸ್ವರ ಸಿಗುತ್ತವೆ. 2ರಲ್ಲಿ ಇ ಮತ್ತು ಜಿ, ನಡುವೆ ಎರಡು. 4ರಲ್ಲಿ ಸಿ ಮತ್ತು ಡಿ, ನಡುವೆ ಒಂದು. 5ರಲ್ಲಿ ಇ ಮತ್ತು ಎಫ್, ನಡುವೆ ಏನೂ ಇಲ್ಲ. ಹಾಗಾಗಿ 5ರ ಮೇಲೆ ಬಲ ಹಾಕಿ ರೀಡ್ ಮುರಿಯಬೇಡಿ. ಅಂಗಡಿಗಳಲ್ಲಿ ಮೌತ್ ಆರ್ಗನ್ ಅಂತ ಕೊಡುವ 24 ತೂತಿನ ಟ್ರೆಮೊಲೊದಲ್ಲಿ ಪ್ರತಿ ರೀಡ್‌ಗೂ ಬೇರೆ ಬೇರೆ ಗೂಡು. ಜೊತೆಗಾರ ಇಲ್ಲ. ಆದ್ದರಿಂದ ಅದರಲ್ಲಿ ಬ್ಲೂಸ್ ಬೆಂಡ್ ಬರುವುದಿಲ್ಲ. ನೀವು ಸರಿಯಾದದ್ದನ್ನೇ ತಗೊಂಡಿದ್ದೀರಿ.

ನಲ್ಲಿಯ ಕೆಳಗೆ ಕೊಡ ಇಟ್ಟಾಗ ಶಬ್ದ ಕೇಳಿದ್ದೀರಲ್ಲ. ಖಾಲಿ ಇದ್ದಾಗ ದಪ್ಪ ಸದ್ದು, ತುಂಬುತ್ತಾ ಬಂದ ಹಾಗೆ ಸಣ್ಣಗಾಗಿ ಮೇಲೇರುತ್ತದೆ. ಒಳಗಿನ ಗಾಳಿಯ ಜಾಗ ಚಿಕ್ಕದಾದಷ್ಟೂ ಶ್ರುತಿ ಮೇಲೆ. ಬೆಂಡ್ ಮಾಡುವಾಗ ನೀವು ಬಾಯಿಯೊಳಗೆ ಇದರ ಉಲ್ಟಾ ಮಾಡಬೇಕು, ತುಂಬಿದ ಕೊಡವನ್ನು ಖಾಲಿ ಮಾಡಬೇಕು.

ನಾಲಿಗೆಗೆ ಅದನ್ನು ಕಲಿಸುವುದಕ್ಕೆ ಕನ್ನಡದ ಅಕ್ಷರಗಳೇ ಸಾಕು. 'ಕೀ' ಅನ್ನಿ. ನಾಲಿಗೆ ಅಂಗುಳಕ್ಕೆ ತಾಗಿದ ಜಾಗ ಗುರುತಿಸಿ. ಈಗ 'ಕೂ' ಅನ್ನಿ. ತಾಗುವ ಜಾಗ ಹಿಂದಕ್ಕೆ ಹೋಯಿತು. ಈಗ ಹಾರ್ಪ್ ಇಲ್ಲದೆ, ಉಸಿರು ಒಳಗೆ ಎಳೆಯುತ್ತಾ, ಪಿಸುಮಾತಿನಲ್ಲಿ 'ಈ' ಇಂದ 'ಊ' ಕಡೆಗೆ ಜಾರಿ. ನಾಲಿಗೆ ಆ ಎರಡು ಜಾಗಗಳ ನಡುವೆ ಅಂಗುಳಕ್ಕೆ ತೀರಾ ಹತ್ತಿರ, ಆದರೆ ತಾಗದೆ ಚಲಿಸಲಿ. ಗಾಳಿಯ ಸದ್ದು ದಪ್ಪಗಾಗುವುದು ಕೇಳಿಸಬೇಕು. ಕೇಳಿಸಿದ ಮೇಲೆಯೇ ಹಾರ್ಪ್ ಬಾಯಿಗಿಡಿ, 4ರ ಎಳೆತದಲ್ಲಿ. 2 ಆಮೇಲೆ, 3 ಎಲ್ಲಕ್ಕಿಂತ ಕೊನೆಗೆ. ಮೊದಲ ಸಲ ಸ್ವರ ಕೆಳಗೆ ಬಾಗುವ ಆ ಕ್ಷಣ ಹೇಗಿರುತ್ತದೆ ಅಂದರೆ, ಅಂಟಿಕೊಂಡಿದ್ದ ಬಾಗಿಲು ತಳ್ಳದೇ ತೆರೆದುಕೊಂಡ ಹಾಗೆ. ಬಲ ಬೇಕಾಗಿಯೇ ಇರಲಿಲ್ಲ ಅಂತ ಆಗ ಗೊತ್ತಾಗುತ್ತದೆ.

ಗಿಟಾರ್ ಈಗ ನಿಮ್ಮ ಗುರು. ಸಿ ಹಾರ್ಪ್‌ನ 4ರ ಎಳೆತ ಗಿಟಾರ್‌ನ ಮೊದಲ ತಂತಿಯ 10ನೇ ಫ್ರೆಟ್‌ನ ಸ್ವರವೇ. ಬೆಂಡ್ ಮಾಡಿದರೆ 9. 2ರ ಎಳೆತ 3ನೇ ಫ್ರೆಟ್, ಬೆಂಡ್‌ಗಳು 2 ಮತ್ತು 1. 3ರ ಎಳೆತ 7ನೇ ಫ್ರೆಟ್, ಬೆಂಡ್‌ಗಳು 6, 5, 4. ಪ್ರತಿಯೊಂದಕ್ಕೂ ಕ್ರಮ ಒಂದೇ: ಮೊದಲು ತಂತಿ ಮೀಟಿ ಕೇಳಿ, ನಂತರ ಆ ಸ್ವರವನ್ನು ಬಾಯಲ್ಲಿ ಹಾಡಿ, ಕೊನೆಗೆ ಹಾರ್ಪ್‌ನಲ್ಲಿ ಅಲ್ಲಿಗೆ ಇಳಿಯಿರಿ. ಹಾಡುವುದನ್ನು ಬಿಟ್ಟರೆ ಕೆಲಸ ಎರಡು ಪಟ್ಟು ಆಗುತ್ತದೆ. ಹಾಡಿದಾಗ ಗಂಟಲೂ ನಾಲಿಗೆಯೂ ಆ ಸ್ವರಕ್ಕೆ ಆಗಲೇ ತಯಾರಾಗಿರುತ್ತವೆ.

ಗಿಟಾರ್‌ನವರು ಎಡವುವ ಒಂದು ಜಾಗ ಇಲ್ಲಿದೆ. ಗಿಟಾರ್‌ನಲ್ಲಿ ತಂತಿ ಎಳೆದರೆ ಸ್ವರ ಮೇಲೇರುತ್ತದೆ. ಇಲ್ಲಿ ಕೆಳಗಿಳಿಯುತ್ತದೆ. ಮೊದಲೇ ಎಳೆದು ಹಿಡಿದ ತಂತಿಯನ್ನು ಮೀಟಿ ಮೆಲ್ಲಗೆ ಸಡಿಲಿಸಿದಾಗ ಬರುವ ಜಾರು ಇದೆಯಲ್ಲ, ಹಾರ್ಪ್‌ನ ಬೆಂಡ್ ಆ ಜಾರಿಗೆ ಹತ್ತಿರ. ನಿಮ್ಮ ಗಿಟಾರ್ ಪಟ್ಟುಗಳನ್ನು ಹಾಗೇ ತಂದು ಇಲ್ಲಿ ಕೂರಿಸಲು ಹೋಗಬೇಡಿ. ಕೂತರೂ ಜೀವ ಇರುವುದಿಲ್ಲ.

ನನ್ನ ಅನುಭವದಲ್ಲಿ, ದಿನಕ್ಕೆ 15 ನಿಮಿಷದಂತೆ ಎರಡು ಸಲ ಕೂತವರಿಗೆ ಒಂಟಿ ಸ್ವರ ಶುದ್ಧವಾಗಿ ಬರಲು ಕೆಲವು ವಾರ, ಮೊದಲ ಬೆಂಡ್‌ಗೆ ಒಂದರಿಂದ ಮೂರು ತಿಂಗಳು ಬೇಕಾಗುತ್ತದೆ. 3ನೇ ತೂತಿನ ಬೆಂಡ್‌ಗಳು ಶ್ರುತಿಯಲ್ಲಿ ನಿಲ್ಲಲು ಒಂದು ವರ್ಷ ಹಿಡಿಸಬಹುದು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ತಲೆ ಸುತ್ತುವ ವಿಷಯ. ಹೊಸಬರಲ್ಲಿ ಇದು ಸಾಮಾನ್ಯ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ, ತಲೆ ಹಗುರಾಗುತ್ತದೆ. ನಿಲ್ಲಿಸಿ, ಕೂತುಕೊಳ್ಳಿ, ಐದು ನಿಮಿಷ ಬಿಟ್ಟು ಮುಂದುವರಿಸಿ. ಹಾಡುಗಾರರಿಗೆ ಇನ್ನೊಂದು ತೊಡಕೂ ಇದೆ. ಹಾಡುವಾಗ ಉಸಿರು ಖಾಲಿಯಾಗುವ ಭಯ. ಬ್ಲೂಸ್ ಹಾರ್ಪ್‌ನಲ್ಲಿ ಎಳೆತವೇ ಹೆಚ್ಚು, ಆದ್ದರಿಂದ ಉಸಿರು ತುಂಬಿ ತುಳುಕುತ್ತದೆ. ನೀವೋ ಅಭ್ಯಾಸಬಲದಿಂದ ಎದೆ ತುಂಬಿಕೊಂಡೇ ಶುರು ಮಾಡುತ್ತೀರಿ. ಅರ್ಧ ಖಾಲಿ ಇಟ್ಟುಕೊಂಡು ಶುರು ಮಾಡಿ. ಸಾಲು ಮುಗಿದಲ್ಲಿ ಮೂಗಿನಿಂದ ಹೊರಗೆ ಬಿಡಿ. ಇದಕ್ಕೆ ಒಳ್ಳೆಯ ಮದ್ದು ರೈಲು. 1ರಿಂದ 3ನ್ನು ಎರಡು ಸಲ ಎಳೆದು ಎರಡು ಸಲ ಊದಿ, ನಿಧಾನವಾಗಿ ಶುರು ಮಾಡಿ, ವೇಗ ಹೆಚ್ಚಿಸಿ. ಡಿಫೋರ್ಡ್ ಬೇಲಿ 1927ರಲ್ಲೇ ಹಾರ್ಪ್‌ನಲ್ಲಿ ರೈಲು ಓಡಿಸಿ ರೆಕಾರ್ಡ್ ಮಾಡಿದ್ದಾರೆ, ಹುಡುಕಿ ಕೇಳಿ. ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದರೆ, ಅಥವಾ ವಿಶ್ರಾಂತಿ ತಗೊಂಡರೂ ತಲೆಸುತ್ತು ಹೋಗದಿದ್ದರೆ, ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಗಂಟಲಿಗೆ ಹಾರ್ಪ್‌ನಿಂದ ನೇರ ಹಾನಿ ಇಲ್ಲ. ಎಳೆದ ಗಾಳಿ ಗಂಟಲನ್ನು ಒಣಗಿಸುತ್ತದೆ ಅಷ್ಟೆ. ಕಾರ್ಯಕ್ರಮದಲ್ಲಿ ನೀರು ಹತ್ತಿರ ಇರಲಿ. ಬೆಂಡ್ ಮಾಡುವಾಗ ಕತ್ತಿನ ನರ ಉಬ್ಬುತ್ತಿದ್ದರೆ ಮಾತ್ರ ಎಚ್ಚರ, ಆ ಬಿಗಿ ಮುಂದಿನ ಹಾಡಿಗೂ ಬರುತ್ತದೆ. ಸಕ್ಕರೆ ಹಾಕಿದ ಕಾಫಿ ಕುಡಿದು ಬಾಯಿ ಮುಕ್ಕಳಿಸದೆ ಊದಬೇಡಿ, ರೀಡ್ ಅಂಟುತ್ತದೆ. ನುಡಿಸಿದ ಮೇಲೆ ತೂತು ಕೆಳಗೆ ಮಾಡಿ ಅಂಗೈಗೆ ತಟ್ಟಿ ಎಂಜಲು ಇಳಿಸಿ.

ಕೊನೆಗೆ ನಿಮ್ಮ ಆಸೆ, ಹೋಲ್ಡರ್. ಇದು ಚೆನ್ನಾಗಿ ಆಗುವ ಕೆಲಸವೇ. 1950ರ ದಶಕದಲ್ಲಿ ಜಿಮ್ಮಿ ರೀಡ್ ಎಂಬ ಬ್ಲೂಸ್ ಗಾಯಕ ಹೋಲ್ಡರ್ ಹಾಕಿಕೊಂಡು ಗಿಟಾರ್ ನುಡಿಸುತ್ತಾ ಹಾಡಿ ಎಷ್ಟೋ ಹಾಡುಗಳನ್ನು ಜನಪ್ರಿಯ ಮಾಡಿದರು. ಅವರ ಸೊಲೊಗಳನ್ನು ಗಮನಿಸಿ ಕೇಳಿ. ಎಷ್ಟೋ ಕಡೆ ಫಸ್ಟ್ ಪೊಸಿಶನ್‌ನಲ್ಲಿ, ಎತ್ತರದ ತೂತುಗಳಲ್ಲಿ ಊದಿ ಬೆಂಡ್ ಮಾಡುತ್ತಾರೆ. 7ರಿಂದ ಮೇಲೆ ರೀಡ್‌ಗಳ ಲೆಕ್ಕ ತಿರುಗುಮುರುಗಾಗಿ, ಊದುವ ಸ್ವರವೇ ಬಾಗುತ್ತದೆ. ಪಟ್ಟುಗಳು ತುಂಬಾ ಸರಳ, ಆದರೆ ಹಾಡಿನ ಸಾಲಿಗೆ ಒಪ್ಪುವಂಥವು.

ಆದರೆ ಹೋಲ್ಡರ್‌ನಲ್ಲಿ ಕಳೆದುಕೊಳ್ಳುವುದೂ ಇದೆ. ಅಂಗೈಗಳನ್ನು ಬಟ್ಟಲು ಮಾಡಿ ತೆರೆದು ಮುಚ್ಚಿ ತರುವ 'ವಾ ವಾ' ಧ್ವನಿ ಸಿಗುವುದಿಲ್ಲ. ವಾದ್ಯ ಬಾಯಿಗೆ ಬರುವ ಬದಲು ಬಾಯಿಯೇ ವಾದ್ಯದ ಹತ್ತಿರ ಹೋಗುತ್ತದೆ, ಕತ್ತು ಬಾಗಿ ಗಂಟಲು ಮಡಚಿಕೊಳ್ಳುತ್ತದೆ. ಬೆಂಡ್ ಬಾಯಿಯೊಳಗಿನ ಕೆಲಸವಾದ್ದರಿಂದ ಹೋಲ್ಡರ್‌ನಲ್ಲೂ ಬರುತ್ತದೆ, ಆದರೆ ಕೈಯಲ್ಲಿ ಹಿಡಿದು ಕಲಿಯದವರಿಗೆ ಬರುವುದಿಲ್ಲ. ಅಗ್ಗದ ಹೋಲ್ಡರ್‌ಗಳ ತಿರುಪು ಹಾಡಿನ ನಡುವೆ ಸಡಿಲವಾಗಿ ಹಾರ್ಪ್ ಕೆಳಗೆ ಜೋತುಬೀಳುತ್ತದೆ. ನೇರ ನಿಂತು ಎದುರಿಗೆ ನೋಡುವಾಗ ತುಟಿಯ ಮಟ್ಟಕ್ಕೆ ಬಂದು ಅಲುಗದೆ ನಿಲ್ಲುವಂಥದ್ದನ್ನು ಅಂಗಡಿಯಲ್ಲೇ ಹಾಕಿ ನೋಡಿ ತಗೊಳ್ಳಿ. ಅದೂ ಆರು ತಿಂಗಳ ನಂತರ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಗಿಟಾರ್ ಹೆಗಲಿಗೆ ಜೋತುಬಿಟ್ಟು, ಕಾಲಲ್ಲಿ ತಾಳ ಹಾಕುತ್ತಾ, ಒಂದು ಹಾಡನ್ನು ಬರೀ ಧ್ವನಿ ಮತ್ತು ಹಾರ್ಪ್‌ನಲ್ಲಿ ಮಾಡುವುದು. ಸನ್ನಿ ಬಾಯ್ ವಿಲಿಯಮ್ಸನ್ ಹೆಸರಿನಲ್ಲಿ ಇಬ್ಬರು ಬ್ಲೂಸ್ ಹಾರ್ಪ್‌ನವರಿದ್ದರು. ಎರಡನೆಯವರು, ಅಂದರೆ ರೈಸ್ ಮಿಲ್ಲರ್, ಒಂದು ಸಾಲು ಹಾಡಿ, ಮುಂದಿನ ಸಾಲನ್ನು ಹಾರ್ಪ್‌ನಿಂದ ಹೇಳಿಸುತ್ತಿದ್ದರು. ಸನ್ನಿ ಟೆರ್ರಿ ಹಾರ್ಪ್‌ನ ಸ್ವರಗಳ ನಡುವೆ ಬಾಯಿಂದ ಕೂಗು ಹಾಕುತ್ತಿದ್ದರು, ಯಾವುದು ವಾದ್ಯ, ಯಾವುದು ಮನುಷ್ಯ ಅಂತ ಗೊತ್ತಾಗುವುದಿಲ್ಲ. ಅವರ ಪಕ್ಕದಲ್ಲಿ ಗಿಟಾರ್ ಹಿಡಿದು ವರ್ಷಗಟ್ಟಲೆ ಕೂತವರು ಬ್ರೌನಿ ಮೆಕ್‌ಗೀ. ನಿಮಗೂ ಗಿಟಾರ್ ಹಿಡಿಯುವ ಗೆಳೆಯರಿದ್ದರೆ ಈ ಜೋಡಿಯನ್ನು ಕೇಳಿ.

ಒಂದೇ ಬಾಯಲ್ಲಿ ಹಾಡು, ಹಾರ್ಪ್ ಎರಡೂ ಒಟ್ಟಿಗೆ ಆಗುವುದಿಲ್ಲವಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬ್ಲೂಸ್ ಕಟ್ಟಿರುವುದೇ ಹಾಗೆ. 12 ಬಾರ್‌ನಲ್ಲಿ (ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಆವರ್ತ) ಮೂರು ಸಾಲು, ಒಂದೊಂದಕ್ಕೆ ನಾಲ್ಕು ಬಾರ್. ಹಾಡು ಸುಮಾರು ಎರಡು ಬಾರ್ ತಗೊಳ್ಳುತ್ತದೆ. ಮಿಕ್ಕ ಎರಡು ಉತ್ತರಕ್ಕೆ.

ಈ ವಾರ ಇಷ್ಟು ಮಾಡಿ. ಕೇಪೋ 3ಕ್ಕೆ ಹಾಕಿ, ಇ ಆಕಾರದಲ್ಲಿ 12 ಬಾರ್ ನಿಧಾನ ಲಯದಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕನ್ನಡದಲ್ಲೇ ಒಂದು ಸಾಲು ಹಾಡಿ, 'ಬೆಳಗಾಯಿತು, ಮಳೆ ಇನ್ನೂ ನಿಂತಿಲ್ಲ' ಅಂತಲೋ ಏನೋ. ಹಾಡು ನಿಂತ ಕೂಡಲೇ ಹಾರ್ಪ್ ಎತ್ತಿ 2ರ ಎಳೆತ ಒಂದನ್ನೇ, ಮೆಲ್ಲಗೆ, ಎರಡು ಬಾರ್ ಪೂರ್ತಿ ಹಿಡಿಯಿರಿ. ಬೇರೆ ಸ್ವರ ಬೇಡ. ಆ ಒಂದು ಸ್ವರ ನಿಮ್ಮ ಸಾಲಿಗೆ ಉತ್ತರದ ಹಾಗೆ ಕೇಳಿಸಲು ಶುರುವಾದ ದಿನ, 3ರ ಎಳೆತವನ್ನು ಸೇರಿಸಿ.